ಪಿಸುಮಾತಿನ ಊರಿಗೆ ಬಂದ ಮಗು

ಅಡವಯ್ಯನೆಂಬ ಶಿಷ್ಯ ಒಮ್ಮೆ ಗುರುಗಳನ್ನು ಕೇಳಿದ: "ಗುರುಗಳೇ, ನಮ್ಮ ಮನೆಯ ದೇವರೇ ನಿಜವಾದ ದೇವರೆಂದು ನನಗೆ ಒಳಗಿನಿಂದಲೇ ಗೊತ್ತಾಗುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ. ಇಷ್ಟು ಸ್ಪಷ್ಟವಾದದ್ದು ಬೇರೆಯವರಿಗೆ ಏಕೆ ಗೊತ್ತಾಗುವುದಿಲ್ಲ?"

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಸುಲಿಯುತ್ತಲೇ ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಊರಿನವರ ದೇವಿ ಬಿತ್ತನೆಯ ಕಾಳಿನೊಳಗೆ ಮಲಗಿರುವವಳು. ಸುಗ್ಗಿ ಮುಗಿದು ಬೀಜ ಕಣಜ ಸೇರಿತೆಂದರೆ, ಮತ್ತೆ ಬಿತ್ತುವವರೆಗೆ ಆ ಊರಿನಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ. ಗಂಟೆಯಿಲ್ಲ, ಡೋಲಿಲ್ಲ. ಪೂಜೆಯೂ ಪಿಸುಮಾತಿನಲ್ಲೇ. ದೇವಿಗೆ ಅರೆನಿದ್ದೆಯಲ್ಲಿ ಎಚ್ಚರವಾದರೆ ಕಾಳು ಮೊಳೆಯುವುದಿಲ್ಲವೆಂದು ಅವರ ನಂಬಿಕೆ. ಗಂಟಲು ದೊಡ್ಡದಿರುವ ಹುಂಜಗಳನ್ನು ಸುಗ್ಗಿ ಮುಗಿದ ಕೂಡಲೇ ಸಂತೆಗೆ ಸಾಗಹಾಕುತ್ತಿದ್ದರು. ಗಂಟಲು ದೊಡ್ಡದಿರುವ ಗಂಡಸರನ್ನು ಹಾಗೆ ಸಾಗಹಾಕಲು ಬರುವುದಿಲ್ಲವಲ್ಲ, ಅವರನ್ನು ಹೇಗೋ ಸಹಿಸಿಕೊಳ್ಳುತ್ತಿದ್ದರು.

ಇಡೀ ಊರಿನ ಬೀಜದ ಕಣಜ ಇದ್ದದ್ದು ಈ ರೈತನ ಮನೆಯಲ್ಲಿ. ಅದನ್ನು ಕಾಯುವುದು ಅವನ ವಂಶಕ್ಕೆ ಸಂದ ಮರ್ಯಾದೆ. ಅವನು ಸೀನು ಬಂದರೂ ಹಿತ್ತಿಲಿಗೆ ಓಡಿ ಸೀನುತ್ತಿದ್ದ.

ಅವನಿಗೆ ಒಬ್ಬಳೇ ಮಗಳು. ಅವಳು ಹೊಳೆಯಾಚೆಯ ಒಬ್ಬ ಕಂಚುಗಾರನನ್ನು ಮೆಚ್ಚಿ ಮದುವೆಯಾದಳು. ಕಂಚುಗಾರರ ಊರಿನಲ್ಲಿ ಹಗಲೆಲ್ಲ ಸುತ್ತಿಗೆ, ರಾತ್ರಿ ಬಹಳ ಹೊತ್ತಿನವರೆಗೆ ಜಾಗಟೆ. ಅವರ ದೇವರು ಇರುವುದು ಬೆಟ್ಟದ ತುದಿಯಲ್ಲಿ. ಬಾಯಿ ತುಂಬ ಕೂಗಿ ಕರೆಯದಿದ್ದರೆ ಅವನಿಗೆ ಅವಮಾನ ಮಾಡಿದಂತೆ. ಮದುವೆಗೆಂದು ಹೋದ ರೈತನಿಗೆ ಅಲ್ಲಿದ್ದಷ್ಟು ಹೊತ್ತೂ ಕಣ್ಣಿಗೆ ಕಣ್ಣು ಹತ್ತಲಿಲ್ಲ. 'ಇವರ ದೇವರಿಗೆ ಕಿವಿ ಮಂದವಿರಬೇಕು. ಇಂಥವರ ನಡುವೆ ಮಗಳನ್ನು ಬಿಟ್ಟು ಬಂದೆನಲ್ಲ' ಎಂದು ಅವನು ದಾರಿಯುದ್ದಕ್ಕೂ ಮರುಗಿದ.

ರೈತನ ಹೆಂಡತಿ ತೀರಿಕೊಂಡಿದ್ದರಿಂದ ಮಗಳ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಮಗು ಕೂರುವಷ್ಟು ಬಲಿತ ಮೇಲೆ ಅವಳು ಅದನ್ನೆತ್ತಿಕೊಂಡು ತವರಿಗೆ ಬಂದಳು. ಬಿತ್ತನೆಯವರೆಗೂ ಇರುತ್ತೇನೆ ಎಂದಳು. ಮೊಮ್ಮಗಳನ್ನು ಕಂಡ ರೈತನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂತೋಷಕ್ಕೆ ಕೂಗಿಬಿಡಬೇಕು ಅನ್ನಿಸಿ, ಬಾಯಿಗೆ ಪಂಚೆ ತುರುಕಿಕೊಂಡು ಕುಣಿದ.

ಆದರೆ ಮಗು ಮಲಗಲೊಲ್ಲದು. ತೊಟ್ಟಿಲಿಗೆ ಹಾಕಿದರೆ ಸಾಕು, ಅತ್ತು ಊರು ಒಂದು ಮಾಡುತ್ತಿತ್ತು. ಸದ್ದಿನಿಂದ ನಿದ್ದೆ ಕೆಡುತ್ತಿದೆಯೆಂದು ರೈತ ತಿಳಿದ. ಬಾಗಿಲ ಕೀಲಿಗೆ ಎಣ್ಣೆ ಬಿಟ್ಟ. ಹಸುವನ್ನು ಹಿತ್ತಿಲಾಚೆ ಕಟ್ಟಿದ. ಕಿಟಕಿಗಳಿಗೆ ಗೋಣಿ ಕಟ್ಟಿದ. ಮನೆ ಎಷ್ಟು ನಿಶ್ಶಬ್ದವಾಯಿತೋ ಮಗು ಅಷ್ಟೇ ಜೋರಾಗಿ ಅತ್ತಿತು.

ನೆರೆಹೊರೆಯವರು ಜಗಳಕ್ಕೆ ಬಂದರು. ಪಿಸುಮಾತಿನಲ್ಲೇ ಬೈದರು, ಪಿಸುಮಾತಿನಲ್ಲೇ ಕೈ ಬೀಸಿದರು. ಮಗಳನ್ನು ಗಂಡನ ಮನೆಗೆ ಕಳುಹಿಸು, ಇಲ್ಲವೇ ಕಣಜವನ್ನು ಬೇರೆಯವರಿಗೆ ಒಪ್ಪಿಸು ಎಂದರು. ಅವರಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟಿನವಳು ಎದುರುಮನೆಯ ಮುದುಕಿ. ಅವಳ ಪಿಸುಮಾತಿಗೆ ಇಡೀ ಕೇರಿ ಹೆದರುತ್ತಿತ್ತು. ರೈತನಿಗೆ ಕೈಕಾಲು ಆಡಲಿಲ್ಲ. ಅತ್ತು ಅತ್ತು ಮಗುವಿನ ದನಿ ಕಟ್ಟಿತ್ತು. ಹಾಲನ್ನೂ ಮುಟ್ಟದಾಯಿತು. ಮಗಳು ಕಣ್ಣೀರು ಒರೆಸಿಕೊಳ್ಳುತ್ತ ಬಟ್ಟೆಗಂಟು ಕಟ್ಟತೊಡಗಿದಳು.

"ಯಾಕಮ್ಮ ಹೀಗೆ ಅಳ್ತಾಳೆ? ಅಲ್ಲೂ ಹೀಗೇನಾ?" ಎಂದ ರೈತ.

"ಇಲ್ಲಪ್ಪ. ಅಲ್ಲಿ ಇವಳ ಅಪ್ಪ ತೊಟ್ಟಿಲ ಪಕ್ಕದಲ್ಲೇ ಕೂತು ತಟ್ಟೆ ಬಡೀತಾ ಇದ್ರೆ ಇವಳು ಹಾಯಾಗಿ ನಿದ್ದೆ ಹೊಡೀತಾಳೆ. ಸುತ್ತಿಗೆ ನಿಂತ್ರೆ ಎಚ್ಚರ ಆಗತ್ತೆ. ಇಲ್ಲಿ ಏನೂ ಕೇಳಿಸ್ತಿಲ್ಲ ಅಂತ ಹೆದರ್ಕೊಂಡಿದಾಳೆ, ಅಷ್ಟೆ."

ರೈತ ಮಗುವಿನ ಪಕ್ಕ ಕುಳಿತ. ಕಂಚುಗಾರರ ಊರಿನಲ್ಲಿ ತಾನು ಕಣ್ಣು ಬಿಟ್ಟುಕೊಂಡು ಹೊರಳಾಡಿದ್ದು ನೆನಪಾಯಿತು. ತನ್ನ ಮನೆಯ ಮೌನಕ್ಕೂ ಒಂದು ಜೀವ ಹಾಗೆಯೇ ಹೆದರೀತೆಂದು ಅವನಿಗೆ ಎಂದೂ ಹೊಳೆದಿರಲಿಲ್ಲ. ಕಣಜದ ಕಡೆ ನೋಡಿದ, ತೊಟ್ಟಿಲ ಕಡೆ ನೋಡಿದ. ಆಮೇಲೆ ಎದ್ದು ಅಡುಗೆಮನೆಯಿಂದ ಕಂಚಿನ ತಟ್ಟೆಯನ್ನೂ ಒಂದು ಸೌಟನ್ನೂ ತಂದ. ಒಮ್ಮೆ ಬಾರಿಸಿದ.

ಮಗು ಅಳು ನಿಲ್ಲಿಸಿ ಬಾಯಿ ತೆರೆದುಕೊಂಡೇ ನೋಡಿತು. ಅವನು ಬಾರಿಸುತ್ತ ಹೋದ. ಮಗುವಿನ ಮುಖ ಅರಳಿತು, ರೆಪ್ಪೆ ಭಾರವಾಯಿತು. ಕೆನ್ನೆಯ ಕೆಳಗೆ ಮುಷ್ಟಿ ಇಟ್ಟುಕೊಂಡು ಮಲಗಿಯೇಬಿಟ್ಟಿತು.

ಊರಿಗೆ ಊರೇ ತುಟಿಯ ಮೇಲೆ ಬೆರಳಿಟ್ಟುಕೊಂಡು ಓಡಿ ಬಂತು. ಬಂದು ನೋಡಿದರೆ, ರೈತ ಅಳುತ್ತಲೂ ನಗುತ್ತಲೂ ತಟ್ಟೆ ಬಾರಿಸುತ್ತಿದ್ದಾನೆ, ಆ ಗದ್ದಲದ ನಡುವೆ ಕೂಸು ನೆಮ್ಮದಿಯಾಗಿ ಮಲಗಿದೆ. ಜನರನ್ನು ಕಂಡು ಗಾಬರಿಯಾಗಿ ಅವನು ಕೈ ನಿಲ್ಲಿಸಿದ. ಮಗು ಮುಖ ಸಿಂಡರಿಸಿತು. ಆಗ ಎದುರುಮನೆಯ ಮುದುಕಿ ಎಲ್ಲರಿಗೂ ಕೇಳುವಂತೆ ಕೂಗಿದಳು: "ಅಯ್ಯೋ, ನಿಲ್ಲಿಸಬ್ಯಾಡ್ವೋ!"

ಸುಗ್ಗಿ ಮುಗಿದ ಮೇಲೆ ಅವಳ ನಿಜವಾದ ದನಿಯನ್ನು ಯಾರೂ ಎಂದೂ ಕೇಳಿರಲಿಲ್ಲ. ಒಬ್ಬ ಕಿಸಕ್ಕೆಂದ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಬೀಜ ಕಣಜದಲ್ಲಿದ್ದಾಗಲೇ ಆ ಊರು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ರೈತನ ತೋಳು ಸೋತಾಗ ಮುದುಕಿಯೇ ಸೌಟು ಕಿತ್ತುಕೊಂಡಳು. ಅಂದಿನಿಂದ ದಿನವೂ ಯಾರಾದರೊಬ್ಬರು ಬಂದು ಬಾರಿಸುವುದು ರೂಢಿಯಾಯಿತು. ಮಗಳು ಬಟ್ಟೆಗಂಟು ಬಿಚ್ಚಿ ಸೀರೆಗಳನ್ನು ಹಗ್ಗದ ಮೇಲೆ ಹರವಿದಳು.

ಆ ಸಂಜೆ ರೈತ ಕಣಜದ ಮುಂದೆ ನಿಂತು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ ತಾಯಿ ಎಂದು ಬೇಡಿಕೊಂಡ. ಇನ್ನು ಹೆದರಿಕೆಯೇಕೆ, ಜೋರಾಗಿಯೇ ಹೇಳೋಣವೆಂದು ಬಾಯಿ ತೆರೆದರೆ ದನಿ ಹೊರಡಲೇ ಇಲ್ಲ. ಪಿಸುಗುಟ್ಟಿದರಷ್ಟೇ ಅವನಿಗೆ ಬೇಡಿಕೊಂಡಂತೆ ಅನ್ನಿಸುವುದು. ತನ್ನ ಬಗ್ಗೆ ತನಗೇ ನಗು ಬಂತು. ಅಕ್ಕರೆಯೂ ಉಕ್ಕಿತು.

ಮಳೆ ಬಂತು. ಬಿತ್ತಿದರು. ಕಾಳುಗಳು ಎಂದಿನಂತೆ ಮೊಳೆತವು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಗುರುಗಳು ಕತೆ ಮುಗಿಸಿದಾಗ ಅಡವಯ್ಯ ಮನಸಾರೆ ನಕ್ಕ. "ಪಾಪ, ಆ ಕೂಸಿಗೆ ತಟ್ಟೆಯ ಸದ್ದೇ ಜೋಗುಳವಾಗಿಬಿಟ್ಟಿತ್ತು!" ಎಂದ.

ಗುರುಗಳೂ ನಕ್ಕು ಕೇಳಿದರು: "ನಿನ್ನನ್ನು ಏನು ಬಾರಿಸಿ ಮಲಗಿಸುತ್ತಿದ್ದರು, ಅಡವಯ್ಯ?"