ಐದು ತುಂಡಿನ ಸ್ವೆಟರು

"ಗುರುಗಳೇ, ಕೆಲಸ ಶುರು ಮಾಡುವಾಗ ಇರುವ ಮನಸ್ಸು ಮುಗಿಸುವಾಗ ಎಲ್ಲಿಗೆ ಹೋಗುತ್ತದೆ?" ಎಂದು ಸಂಗಯ್ಯ ಕೇಳಿದ.

ಸಂಗಯ್ಯ ಮಠದ ಶಿಷ್ಯ. ಗುರುಗಳು ಹೇಳಿದ ಮಾತುಗಳನ್ನು ಮಕ್ಕಳಿಗೂ ತಿಳಿಯುವ ಹಾಗೆ ಒಂದು ಪುಸ್ತಕವಾಗಿ ಬರೆಯುವ ಕೆಲಸವನ್ನು ಅವನಿಗೆ ಒಪ್ಪಿಸಿದ್ದರು. ಪುಸ್ತಕ ಬರೆದಾಗಿತ್ತು, ಕೊನೆಯ ಭಾಗವೊಂದೇ ಬಾಕಿ. ಅದನ್ನು ಅವನು ಎರಡು ವರ್ಷದಿಂದ ತಿದ್ದುತ್ತಲೇ ಇದ್ದ.

ಗುರುಗಳು ಪುಸ್ತಕದ ಮಾತೆತ್ತಲಿಲ್ಲ. ಈ ಕತೆ ಹೇಳಿದರು.

ಬೆಟ್ಟದ ಮೇಲೆ ಒಂದು ಊರು. ವರ್ಷದಲ್ಲಿ ನಾಲ್ಕು ತಿಂಗಳು ಅಲ್ಲಿ ಮೈ ಕೊರೆಯುವ ಚಳಿ. ಆ ಊರಿಗೆ ಒಬ್ಬ ಹೆಣ್ಣುಮಗಳು ಸೊಸೆಯಾಗಿ ಬಂದಳು. ಅವಳಿಗೆ ಹೆಣಿಗೆ ಚೆನ್ನಾಗಿ ಬರುತ್ತಿತ್ತು. ಹಾಲು ಉಕ್ಕುವುದರೊಳಗೆ ಎರಡು ಸಾಲು ಹೆಣೆಯುತ್ತಿದ್ದಳು. ಕಣ್ಣು ಒಲೆಯ ಮೇಲಿದ್ದರೂ ಕಡ್ಡಿಯ ಮೇಲಿನ ಒಂದು ಕುಣಿಕೆಯೂ ತಪ್ಪುತ್ತಿರಲಿಲ್ಲ.

ಹೊಸ ಉಣ್ಣೆಯ ಉಂಡೆ ಕೈಗೆ ಬಂತೆಂದರೆ ಅವಳಿಗೆ ಹಬ್ಬ. ಮೊದಲ ಸಾಲು ಹಾಕುವಾಗ ಆ ನೂಲು ಏನು ಬೇಕಾದರೂ ಆಗಬಹುದಾಗಿತ್ತು. ಅಂಗೈ ಅಗಲ ಬೆಳೆಯುವವರೆಗೂ ಅವಳಿಗೆ ಊಟ ನಿದ್ದೆ ಬೇಡ. ಕೊನೆ ಹತ್ತಿರವಾದಂತೆ ಕೈ ಭಾರವಾಗುತ್ತಿತ್ತು. ತುಂಡುಗಳನ್ನು ಕೂಡಿಸಿ ಹೊಲಿಯಬೇಕು, ಜೋತಾಡುವ ನೂಲಿನ ತುದಿಗಳನ್ನು ಒಂದೊಂದಾಗಿ ಒಳಗೆ ಸೇರಿಸಬೇಕು, ತಪ್ಪಿದ್ದನ್ನು ಬಿಚ್ಚಬೇಕು. ಆ ಕೆಲಸದಲ್ಲಿ ಬಾಯಿಗೆ ಹಾಡು ಬರುವುದಿಲ್ಲ, ಕಣ್ಣೆದುರು ಏನೂ ಬೆಳೆಯುವುದಿಲ್ಲ. ಅವಳು ಅದನ್ನು ಮಡಚಿ ಬುಟ್ಟಿಯಲ್ಲಿಟ್ಟು ಬೇರೆ ಉಂಡೆ ಬಿಚ್ಚುತ್ತಿದ್ದಳು.

ಹೀಗೆ ಬುಟ್ಟಿ ತುಂಬಿತು. ಅದರಲ್ಲಿ ನೆತ್ತಿ ಮುಚ್ಚದ ಟೊಪ್ಪಿ ಇತ್ತು. ಜೊತೆಯಿಲ್ಲದ ಕಾಲುಚೀಲ ಇತ್ತು. ಅಂಚು ಕಟ್ಟದ ಶಾಲು ಇತ್ತು. ನೆರೆಮನೆಯವಳು, "ನನ್ನ ಮಗುವಿನ ಟೊಪ್ಪಿ ಏನಾಯಿತಮ್ಮ?" ಎಂದು ಕೇಳಿದಾಗಲೆಲ್ಲ, "ಇನ್ನೂ ಒಂಚೂರು ಇದೆ" ಎನ್ನುತ್ತಿದ್ದಳು. ಆ ಮಗು ನಡೆಯಲು ಕಲಿತು, ಓಡಲು ಕಲಿತು, ಅದರ ತಲೆ ಟೊಪ್ಪಿಗಿಂತ ದೊಡ್ಡದಾಯಿತು.

ಅವಳ ಅತ್ತೆ ನಲವತ್ತು ವರ್ಷ ಊರಿನ ಹೆಂಗಸರಿಗೆ ರವಿಕೆ ಹೊಲಿದವಳು. ಈಗ ಕೈ ನಡುಗುತ್ತಿತ್ತು. ಹೊಲಿಗೆ ಯಂತ್ರಕ್ಕೆ ಹಳೆಯ ಪಂಚೆ ಹೊದಿಸಿದ್ದಳು. ಕಣ್ಣು ಮಾತ್ರ ಮಂಜಾಗಿರಲಿಲ್ಲ. ಜಗುಲಿಯ ಮೇಲೆ ಕೂತು ದಾರಿಯಲ್ಲಿ ಹೋಗುವವರನ್ನು ಕರೆದು, "ನಿನ್ನ ಬಲತೋಳು ಒಂದು ಬೆರಳು ಮೇಲಿದೆ, ಯಾರು ಹೊಲಿದರು?" ಎನ್ನುತ್ತಿದ್ದಳು. ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಕಣ್ಣು ಕಂಡದ್ದನ್ನು ಬಾಯಿ ಹೇಳುತ್ತಿತ್ತು.

ಸೊಸೆ ಬಂದ ಹೊಸತರಲ್ಲಿ ಒಂದು ದಿನ, ಅವಳು ತಾನೇ ಹೊಲಿದುಕೊಂಡಿದ್ದ ರವಿಕೆಯನ್ನು ಅತ್ತೆ ಒಳಮಗ್ಗುಲು ಮಾಡಿ ನೋಡಿದಳು. ನೋಡಿ, ಏನೂ ಹೇಳದೆ ಮಡಚಿಟ್ಟಳು. ಬೈದಿದ್ದರೆ ಸೊಸೆ ಮರೆಯುತ್ತಿದ್ದಳು. ಆ ಮೌನ ಅವಳೊಳಗೆ ಮುಳ್ಳಿನಂತೆ ಕೂತಿತು.

ಮೊದಲ ಚಳಿಗಾಲದಲ್ಲೇ ಅವಳು ಅತ್ತೆಗೆಂದು ಒಂದು ಸ್ವೆಟರು ಹೆಣೆಯಲು ಹಿಡಿದಳು. ಹುಣಸೆಹಣ್ಣಿನ ಬಣ್ಣದ ಉಣ್ಣೆ. ಬೆನ್ನು ಒಂದು, ಎದೆಯ ಎರಡು ಪಾಲು, ತೋಳು ಎರಡು. ಐದು ತುಂಡುಗಳೂ ಸಂಕ್ರಾಂತಿಗೆ ಮುಂಚೆ ಮುಗಿದವು. ಕೂಡಿಸುವುದಷ್ಟೇ ಬಾಕಿ. ಅವಳು ಅವನ್ನು ಬುಟ್ಟಿಯಲ್ಲಿಟ್ಟಳು.

ಎರಡನೆಯ ಚಳಿಗಾಲದಲ್ಲಿ ತೆಗೆದು ಚಾಪೆಯ ಮೇಲೆ ಹರಡಿದಳು. ಎಡತೋಳು ಎರಡು ಬೆರಳು ಉದ್ದವಾಗಿತ್ತು. ಮತ್ತೆ ಬುಟ್ಟಿಗೆ ಹಾಕಿದಳು. ಮೂರನೆಯ ಚಳಿಗಾಲದಲ್ಲಿ ಗಂಡನಿಗೆ, "ಒಪ್ಪುವ ಗುಂಡಿ ಸಿಕ್ಕಿಲ್ಲ" ಎಂದಳು. ಅವನು ಪೇಟೆಯಿಂದ ಗುಂಡಿ ತಂದುಕೊಟ್ಟ. ಬಣ್ಣ ಒಂದು ಛಾಯೆ ಹೆಚ್ಚಾಯಿತು ಎಂದಳು.

ತುಂಡುಗಳಾಗಿ ಇರುವವರೆಗೆ ಆ ಸ್ವೆಟರಿನಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ. ಅತ್ತೆಯೂ ಅದರ ವಿಷಯ ಒಂದು ದಿನವೂ ಕೇಳಲಿಲ್ಲ.

ಆ ಮೂರನೆಯ ಚಳಿಗಾಲದ ಒಂದು ಬೆಳಗ್ಗೆ ಸೊಸೆ ಬಟ್ಟೆ ಒಗೆಯಲು ಕೆರೆಗೆ ಹೊರಟಳು. ಅರ್ಧ ದಾರಿಯಲ್ಲಿ ಸೋಪು ಮರೆತದ್ದು ನೆನಪಾಗಿ ಹಿಂದಿರುಗಿದಳು. ಅಡುಗೆಮನೆಯ ಬಾಗಿಲಲ್ಲಿ ಅವಳ ಕಾಲು ನಿಂತಿತು.

ಅತ್ತೆ ಒಲೆಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ಬುಟ್ಟಿ ತೆರೆದಿತ್ತು. ಸ್ವೆಟರಿನ ಬೆನ್ನಿನ ತುಂಡು ಅವಳ ಮೊಣಕಾಲ ಮೇಲಿತ್ತು. ಒಂದು ತೋಳನ್ನು ಕೊರಳಿಗೆ ಸುತ್ತಿಕೊಂಡಿದ್ದಳು. ಇನ್ನೊಂದು ತೋಳಿನಲ್ಲಿ ನಡುಗುವ ಎರಡೂ ಕೈಗಳನ್ನು ಸುತ್ತಿಟ್ಟುಕೊಂಡು ಬೆಂಕಿ ನೋಡುತ್ತಿದ್ದಳು.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ತುಂಡುಗಳನ್ನು ತೆಗೆದಳು. ನೂಲಿನ ತುದಿ ಎಳೆಯದ ಹಾಗೆ, ಮೊದಲಿದ್ದ ಮಡಿಕೆಯ ಮೇಲೆಯೇ ಮಡಚಿದಳು. ಯಾವುದು ಕೆಳಗೆ, ಯಾವುದು ಮೇಲೆ ಎಂದು ಅವಳು ಯೋಚಿಸಬೇಕಾಗಲಿಲ್ಲ. ಇದು ಮೊದಲ ದಿನವಲ್ಲ ಎಂದು ಸೊಸೆಗೆ ತಿಳಿಯಿತು.

ಅವಳು ಸದ್ದು ಮಾಡದೆ ಹೊರಗೆ ಬಂದಳು. ಸೋಪಿಲ್ಲದೆಯೇ ಕೆರೆಗೆ ಹೋಗಿ ಬಟ್ಟೆಯನ್ನು ಕಲ್ಲಿಗೆ ಬಡಿದಳು. ಮೊದಲು ಅವಳಿಗೆ ಮುದುಕಿಯ ಮೇಲೆ ಸಿಟ್ಟು ಬಂತು. ಕೇಳಿದ್ದರೆ ಏನಾಗುತ್ತಿತ್ತು? ಬಟ್ಟೆ ಹಿಂಡುವ ಹೊತ್ತಿಗೆ ಆ ಸಿಟ್ಟು ಉಳಿಯಲಿಲ್ಲ. ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ತನ್ನನ್ನೇ ಕೇಳಿಕೊಂಡಳು.

ಅಂದು ಊಟವಾದ ಮೇಲೆ ಅವಳು ಬುಟ್ಟಿಯನ್ನು ಒಳಕೋಣೆಗೆ ಒಯ್ದು ಕೂತಳು. ಬಾಗಿಲು ಹಾಕಿಕೊಂಡಳು.

ಉದ್ದವಾದ ತೋಳನ್ನು ಮೊಣಕೈಯವರೆಗೆ ಬಿಚ್ಚಿ ಮತ್ತೆ ಹೆಣೆದಳು. ಹೆಗಲು ಕೂಡಿಸಿದಳು, ಅದು ಸುಕ್ಕಾಯಿತು. ಬಿಚ್ಚಿದಳು. ಮತ್ತೆ ಕೂಡಿಸಿದಳು, ಮತ್ತೆ ಸುಕ್ಕು. ನಾಲ್ಕನೆಯ ದಿನ ಪಕ್ಕದ ಹೊಲಿಗೆ ನೇರವಾಗಿ ಬಂತೆಂದು ಹಿಗ್ಗಿದಳು. ಎತ್ತಿ ಹಿಡಿದು ನೋಡಿದರೆ ಎದೆಯ ಒಂದು ಪಾಲು ಒಳಮಗ್ಗುಲಾಗಿ ಕೂತಿತ್ತು. ಸ್ವೆಟರನ್ನು ಮೂಲೆಗೆ ಎಸೆದು ಹೊರಗೆ ಹೋದಳು. ಗುಡಿಸಿದ ಅಂಗಳವನ್ನೇ ಮತ್ತೊಮ್ಮೆ ಗುಡಿಸಿದಳು. ಒಳಗೆ ಬಂದು ಸ್ವೆಟರನ್ನು ಎತ್ತಿಕೊಂಡಳು.

ನೂಲಿನ ತುದಿಗಳಿಗೆ ಮೂರು ದಿನ ಹಿಡಿಯಿತು. ಗಂಡ ತಂದಿದ್ದ ಗುಂಡಿಗಳನ್ನೇ ಹಚ್ಚಿದಳು.

ಹನ್ನೊಂದನೆಯ ದಿನ ಒಂದು ತುದಿಯನ್ನು ಒಳಗೆ ಸೇರಿಸಿ ಮುಂದಿನದಕ್ಕೆ ಹುಡುಕಿದಳು. ಸಿಗಲಿಲ್ಲ. ಸ್ವೆಟರನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮಾಡಲು ಏನೂ ಉಳಿದಿರಲಿಲ್ಲ. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಳು. ಐದು ತುಂಡುಗಳಿದ್ದಲ್ಲಿ ಈಗ ಒಂದು ಇತ್ತು. ಅದನ್ನು ಎಷ್ಟು ನೋಡಿದರೂ ಸಾಲದು. ಬೆಳಗ್ಗೆಯಿಂದ ತಾನು ಏನೂ ತಿಂದಿಲ್ಲ ಎಂಬುದು ಅವಳಿಗೆ ಆಗ ಗೊತ್ತಾಯಿತು.

ಸಂಜೆ ಅದನ್ನು ಅತ್ತೆಯ ಮುಂದೆ ಇಟ್ಟಳು. "ನಿಮಗೆ, ಅತ್ತೆ" ಎಂದಳು.

ಅತ್ತೆ ಅದನ್ನು ಒಳಮಗ್ಗುಲು ಮಾಡಿದಳು. ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಓಡಿಸಿದಳು. ಎಡಹೆಗಲಿನಲ್ಲಿ ಬೆರಳು ನಿಂತಿತು. ಬೆರಳು ಮುಂದೆ ಹೋಯಿತು. ಅತ್ತೆ ಸ್ವೆಟರನ್ನು ಸರಿಮಗ್ಗುಲು ಮಾಡಿ ತೊಟ್ಟಳು. ಗುಂಡಿ ಹಾಕಿಕೊಳ್ಳಲು ಹೊತ್ತು ಹಿಡಿಯಿತು. ಸಹಾಯಕ್ಕೆ ಸೊಸೆ ಕೈ ಚಾಚಿದರೆ ಬೇಡವೆಂದಳು. ಎರಡೂ ತೋಳನ್ನು ಮೇಲಕ್ಕೆತ್ತಿ ಇಳಿಸಿದಳು.

"ಕಂಕುಳಲ್ಲಿ ಬಿಗಿ" ಎಂದಳು.

ಮೂರು ಚಳಿಗಾಲ ಸೊಸೆ ಹೆದರಿದ್ದು ಇಂಥದೊಂದು ಮಾತಿಗೆ. ಈಗ ಅದು ಕಿವಿಗೆ ಬಿತ್ತು. ಎದೆ ಒಡೆಯುತ್ತದೆ ಎಂದು ಕಾದಳು. ಒಡೆಯಲಿಲ್ಲ.

"ಬಿಚ್ಚಿಕೊಡಿ ಅತ್ತೆ, ಸರಿಮಾಡುತ್ತೇನೆ."

"ಕೊಡುವುದಿಲ್ಲ. ಕೊಟ್ಟರೆ ನೀನು ಮತ್ತೆ ಬುಟ್ಟಿಗೆ ಹಾಕುತ್ತೀಯೆ."

ಸೊಸೆಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ನಕ್ಕಳು. ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಆ ಚಳಿಗಾಲವೆಲ್ಲ ಸ್ವೆಟರು ಅತ್ತೆಯ ಮೈಮೇಲಿತ್ತು. ಅದಕ್ಕೆ ಒಲೆಯ ಮಸಿ ಹತ್ತಿತು. ತೋಳಿನ ತುದಿಗೆ ಅರಿಶಿನ ಹತ್ತಿತು. ಸ್ನಾನಕ್ಕೆ ಬಿಚ್ಚಿದ್ದು ಬಿಟ್ಟರೆ ಅವಳು ಅದನ್ನು ಬಿಚ್ಚಲಿಲ್ಲ. ಜಗುಲಿಯ ಬಿಸಿಲಿನಲ್ಲಿ ಕೂತು ಹೋಗುವವರನ್ನೆಲ್ಲ ಕರೆದಳು. "ನನ್ನ ಸೊಸೆ ಹೆಣೆದದ್ದು. ಕಂಕುಳಲ್ಲಿ ಸ್ವಲ್ಪ ಬಿಗಿ" ಎಂದು ತೋಳೆತ್ತಿ ತೋರಿಸಿದಳು. ಒಳಗೆ ಅಕ್ಕಿ ಆರಿಸುತ್ತಿದ್ದ ಸೊಸೆ ಅದನ್ನು ದಿನಕ್ಕೆ ನಾಲ್ಕು ಸಲ ಕೇಳಿದಳು. ಒಂದು ಸಲವೂ ಅವಳಿಗೆ ನೋವಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಸಂಗಯ್ಯನಿಗೆ ಸಮಾಧಾನವಾಗಿರಲಿಲ್ಲ. "ಗುರುಗಳೇ, ಅಷ್ಟು ಬಿಚ್ಚಿ ಅಷ್ಟು ಹೊಲಿದರೂ ಅದು ಬಿಗಿಯಾಗಿಯೇ ಉಳಿಯಿತು. ಅಂದಮೇಲೆ ಅವಳು ಹೆದರಿದ್ದರಲ್ಲಿ ತಪ್ಪೇನಿತ್ತು?" ಎಂದ.

"ಬಿಗಿ ಎನ್ನಬೇಕಾದರೆ ಮೊದಲು ಯಾರಾದರೂ ತೊಡಬೇಕು" ಎಂದರು ಗುರುಗಳು.

ಸಂಗಯ್ಯ ಎದ್ದು ಹೋಗಿ ಪುಸ್ತಕದ ಕೊನೆಯ ಭಾಗವನ್ನು ತಂದು ಗುರುಗಳ ಮುಂದೆ ಇಟ್ಟ.