ಮೊದಲ ನೀರಿನ ಮರ್ಯಾದೆ

"ಕೇಳಿರಪ್ಪೋ ಕೇಳಿ. ನಿಡುಗಲ್ಲೂರಿನ ದೊರೆ ಕಲಿಯರಸರ ಅಪ್ಪಣೆ. ರಾಜಕುಮಾರಿ ಚಾಗಲೆ ಮೂರು ಒಗಟು ಹಾಕುತ್ತಾಳೆ. ಬಿಡಿಸಿದವನಿಗೆ ಅವಳ ಕೈ, ಮೇಲೆ ಕೇಳಿದ್ದೊಂದು ವರ. ಸರಿಯಾಗಿ ಬಿಡಿಸಿದವನು ಏನು ಹೇಳಿದರೂ ಶಿಕ್ಷೆಯಿಲ್ಲ. ಸರಿಯೋ ತಪ್ಪೋ, ತೀರ್ಪು ಅವಳದೇ. ತಪ್ಪಿದವನಿಗೆ ಸೆರೆ. ಯುಗಾದಿಯೊಳಗೆ ಯಾರೂ ಬಿಡಿಸದಿದ್ದರೆ ಸೆರೆಯಲ್ಲಿದ್ದವರೆಲ್ಲರ ತಲೆ ಹೋಗುತ್ತದೆ."

ಡಂಗುರದವನು ಮುಂದೆ ಹೋದ. ಲಾಯದಲ್ಲಿ ಬೊಮ್ಮಣ ಪಟ್ಟದ ಕುದುರೆಯ ಮೈ ಉಜ್ಜುತ್ತಿದ್ದ. ಅವನ ಕೈ ನಿಂತಿತು.

"ನೀನೂ ಹೋಗುವ ಹಾಗಿದೆ," ಅಂದ ಲಾಯದ ಹಿರಿಯ ಕೆಂಚಜ್ಜ. "ಹುಲ್ಲು ಹಾಕಿ ಹೋಗು ಮಾರಾಯ. ತಲೆ ಆಮೇಲೆ ಕೊಡುವಿಯಂತೆ."

ಬೊಮ್ಮಣ ಹುಲ್ಲು ಹಾಕಿಯೇ ಹೋದ.

ಆ ಅರಮನೆಗೆ ಬೆಟ್ಟದ ಬುಗ್ಗೆಯಿಂದ ಸೀಸದ ಕೊಳವೆಯಲ್ಲಿ ನೀರು ಬರುತ್ತಿತ್ತು. ದೊರೆಯ ಅಪ್ಪ ಹಾಕಿಸಿದ್ದು. ಸುತ್ತಲ ಯಾವ ರಾಜ್ಯದಲ್ಲೂ ಅಂಥದ್ದಿರಲಿಲ್ಲ. ಕೊಳವೆಯನ್ನು ಹಳಿದವನಿಗೆ ತಲೆದಂಡ ಎಂದು ಮುದುಕ ಕಟ್ಟಳೆಯನ್ನೂ ಮಾಡಿಟ್ಟು ಸತ್ತ. ರಾತ್ರಿ ಅದರ ಬಾಯಿ ಮುಚ್ಚುತ್ತಿದ್ದರು. ಬೆಳಗ್ಗೆ ತೆರೆದಾಗ ಬಿದ್ದ ಮೊದಲ ಚೊಂಬು ನೀರು ಅರಸು ಮನೆತನದ ಅತಿ ಚಿಕ್ಕ ಕುಡಿಗೆ ಸಲ್ಲಬೇಕು. ಅದು ಮರ್ಯಾದೆ.

ಈಗಿನ ಚಿಕ್ಕ ಕುಡಿ ಯುವರಾಜ ಸೋಯಿ. ಆರು ವರ್ಷದ ಮಗು. ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದ. ನಿನ್ನೆ ಕಲಿತ ಅಕ್ಷರ ಇವತ್ತು ಮರೆಯುತ್ತಿದ್ದ. ಮುಖ ಸುಣ್ಣದ ಗೋಡೆಯ ಹಾಗಾಗಿತ್ತು. ಕಷಾಯಗಳೆಲ್ಲ ಮುಗಿದಿದ್ದವು.

ಸಭೆಯಲ್ಲಿ ಮೂವರು ರಾಜಕುಮಾರರು ಬೊಮ್ಮಣನಿಗಿಂತ ಮುಂದೆ ನಿಂತಿದ್ದರು. ಚಾಗಲೆ ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಕೇಳಿದಳು.

"ಸಂಜೆ ಒಳ್ಳೆಯವನಾಗಿ ಮಲಗುತ್ತಾನೆ, ಬೆಳಗ್ಗೆ ಕೆಟ್ಟವನಾಗಿ ಏಳುತ್ತಾನೆ. ಮುಖದಲ್ಲಿ ಏನೂ ಬದಲಾಗಿರುವುದಿಲ್ಲ. ಯಾರು?"

"ಹೆಂಡ ಕುಡಿದವನು," ಅಂದ ಮೊದಲನೆಯವನು.

"ಅದು ಮುಖದಲ್ಲಿ ಗೊತ್ತಾಗುತ್ತದೆ. ನಿಮ್ಮದರಲ್ಲೇ ಗೊತ್ತಾಗುತ್ತಿದೆ."

ಸಭೆ ನಕ್ಕಿತು. ಅವನನ್ನು ಸೆರೆಗೆ ಒಯ್ದರು.

ಎರಡನೆಯವನು ಹಾಲು ಅಂದ. "ಹಾಲು ಕೆಟ್ಟರೆ ನಾಲಿಗೆ ಹೇಳುತ್ತದೆ," ಅಂದಳು. ಅವನೂ ಹೋದ. ಈಗ ಯಾರೂ ನಗಲಿಲ್ಲ.

ಮೂರನೆಯವನು ಬಹಳ ಹೊತ್ತು ಯೋಚಿಸಿ ನೀರು ಅಂದ. ಚಾಗಲೆ ನೆಟ್ಟಗಾದಳು. ಎರಡನೆಯದನ್ನು ಕೇಳಿದಳು.

"ಆ ನೀರಿನಲ್ಲಿ ಒಬ್ಬ ಅಡಗಿದ್ದಾನೆ. ಒಲೆಯ ಮೇಲೆ ಎಷ್ಟು ಕುದಿಸಿದರೂ ಬಿಟ್ಟು ಹೋಗುವುದಿಲ್ಲ. ಬಟ್ಟೆಯಲ್ಲಿ ಸೋಸಿದರೆ ಸಿಗುವುದಿಲ್ಲ. ಕಣ್ಣಿಗಿಲ್ಲ, ನಾಲಿಗೆಗಿಲ್ಲ. ಯಾರು?"

"ಉಪ್ಪು."

"ನಾಲಿಗೆಗಿಲ್ಲ ಅಂದೆನಲ್ಲ," ಅಂದಳು. ಅವಳ ದನಿ ಒಡೆದಿತ್ತು.

ಬೊಮ್ಮಣ ಮುಂದೆ ಬಂದ. ಮೈಯಿಂದ ಕುದುರೆಯ ವಾಸನೆ ಬರುತ್ತಿತ್ತು. ಮಂತ್ರಿ ಮೂಗು ಮುಚ್ಚಿಕೊಂಡ. ಬೊಮ್ಮಣನ ಕಣ್ಣು ಸೋಯಿಯ ಮೇಲಿತ್ತು. ಕೊಳವೆಯನ್ನು ಹಳಿಯುವ ಉತ್ತರ ತಪ್ಪಾದರೆ ಸೆರೆ ಮಾತ್ರವಲ್ಲ, ಕಟ್ಟಳೆಯಂತೆ ಅಲ್ಲೇ ಕತ್ತಿ.

"ಮೊದಲನೆಯದು ಕೊಳವೆಯಲ್ಲಿ ರಾತ್ರಿ ಮಲಗಿದ ನೀರು, ತಾಯಿ. ಎರಡನೆಯದು ಸೀಸ. ಕೊಳವೆಯದೇ ಸೀಸ."

ದೊರೆ ಸಿಂಹಾಸನದಿಂದ ಎದ್ದ. ಕತ್ತಿಯವನು ಒಂದು ಹೆಜ್ಜೆ ಇಟ್ಟ.

"ಇನ್ನೂ ಒಂದಿದೆ, ಅಪ್ಪಾಜಿ," ಅಂದಳು ಚಾಗಲೆ. "ಕೊಟ್ಟವನು ಪ್ರೀತಿಯಿಂದ ಕೊಡುತ್ತಾನೆ, ಪಡೆದವನು ಕೈಮುಗಿದು ಪಡೆಯುತ್ತಾನೆ. ಪಡೆದವನೇ ಸವೆಯುತ್ತಾನೆ. ಆ ಉಡುಗೊರೆ ಯಾವುದು?"

"ಮೊದಲ ಚೊಂಬಿನ ಮರ್ಯಾದೆ."

"ನಿನಗೆ ಹೇಗೆ ಗೊತ್ತೋ?" ದೊರೆ ಗದರಿದ.

"ನವರಾತ್ರಿಯಿಂದ ಪಟ್ಟದ ಕುದುರೆಗೂ ಆ ಮರ್ಯಾದೆ ಕೊಟ್ಟಿರಿ, ಬುದ್ಧಿ. ಬೆಳಗಿನ ಮೊದಲ ಕೊಡ ಅದಕ್ಕೆ. ಅದು ಮೇವು ಬಿಟ್ಟಿತು. ಕಾಲು ಎಳೆಯಿತು. ಮಿಕ್ಕ ಕುದುರೆಗಳಿಗೆ ಹೊತ್ತೇರಿದ ಮೇಲಿನ ನೀರು, ಅವಕ್ಕೇನೂ ಆಗಲಿಲ್ಲ. ನಾನು ನಿಮ್ಮ ಅಪ್ಪಣೆ ಮೀರಿ ಮೊದಲ ನೀರನ್ನು ಅಂಗಳಕ್ಕೆ ಚೆಲ್ಲಿದೆ. ಕೊಳವೆ ತಣ್ಣಗಾಗಿ ಬುಗ್ಗೆಯ ಹೊಸ ನೀರು ಬಂದ ಮೇಲೆ ಕೊಟ್ಟೆ. ನಿಧಾನವಾಗಿ ಕುದುರೆ ಎದ್ದಿತು. ಲಾಯದಲ್ಲಿದೆ, ನೋಡಿ."

ದೊರೆ ಮಗಳ ಕಡೆ ತಿರುಗಿದ. "ನಿನಗೆ ಮೊದಲೇ ಗೊತ್ತಿತ್ತೇ?"

"ಸೋಯಿ ಹುಟ್ಟುವವರೆಗೆ ಆ ಚೊಂಬು ನನ್ನದು, ಅಪ್ಪಾಜಿ. ಆಗ ನನ್ನ ಹೊಟ್ಟೆ ಹೇಗೆ ನೋಯುತ್ತಿತ್ತು, ನೀವೇ ಕಂಡಿದ್ದೀರಿ. ಅವನಿಗೆ ಹೋಯಿತು, ನನ್ನ ನೋವು ನಿಂತಿತು. ಬಾಯಿಬಿಟ್ಟು ಹೇಳಿದರೆ ಅಜ್ಜನ ಕಟ್ಟಳೆಯಂತೆ ತಲೆದಂಡ. ಕೇಳಬಹುದಲ್ಲ, ಅದಕ್ಕೆ ಒಗಟು ಹಾಕಿದೆ. ಮೂರೂ ಸರಿ."

ಕತ್ತಿಯವನು ಹಿಂದೆ ಸರಿದ. ದೊರೆ ಕೂತ. ಆಮೇಲೆ ಅಂದ: "ಸೆರೆಯಲ್ಲಿದ್ದವರನ್ನು ಬಿಡಿ. ಬೊಮ್ಮಣ, ನಾಳೆಯಿಂದ ಮೊದಲ ನೀರು ಚೆಲ್ಲಿಸುತ್ತೇನೆ. ವರ ಕೇಳು."

"ಚೆಲ್ಲುವುದು ಕೊಳವೆ ಕೀಳುವವರೆಗಿನ ಉಪಾಯ, ಬುದ್ಧಿ. ಆಮೇಲಿನ ನೀರೂ ಅದನ್ನೇ ನೆಕ್ಕಿಕೊಂಡು ಬರುತ್ತದೆ. ಕೊಳವೆ ಕೀಳಿಸಿ. ನನ್ನ ವರ ಅದೇ."

"ಅದು ನಮ್ಮಪ್ಪನ ನೆನಪು."

ಬೊಮ್ಮಣ ಸೋಯಿಯನ್ನೇ ನೋಡಿದ. ದೊರೆಯೂ ನೋಡಿದ.

ಮರುದಿನ ಮೊದಲ ಗುದ್ದಲಿ ಹಾಕಿದವನು ದೊರೆಯೇ. ಸೀಸವನ್ನು ಕೋಟೆಯ ಬಾಗಿಲ ಕೀಲುಗಳಿಗೆ ಹೊಯ್ದರು. ಅಲ್ಲಿ ಅದು ಯಾರ ಹೊಟ್ಟೆಗೂ ಹೋಗದು. ಬುಗ್ಗೆಯಿಂದ ಸುಟ್ಟ ಮಣ್ಣಿನ ಕೊಳವೆ ಬಂತು. ಮುಗಿಯುವವರೆಗೆ ಎಲ್ಲರಿಗೂ ಬಾವಿಯ ನೀರು, ದೊರೆಗೂ.

"ನಾನು ಬೇಕೋ, ಲಾಯ ಬೇಕೋ?" ಎಂದು ಚಾಗಲೆ ಕೇಳಿದ್ದಳು.

"ಎರಡೂ," ಅಂದಿದ್ದ ಬೊಮ್ಮಣ.

ಮದುವೆಯ ಬೆಳಗ್ಗೆ, ಹೊಸ ಕೊಳವೆಯ ಮೊದಲ ನೀರನ್ನು ಮಂತ್ರಿ ಚಿನ್ನದ ಚೊಂಬಿನಲ್ಲಿ ಅಳಿಯನಿಗೆ ತಂದ. ಹಳೆಯ ಮರ್ಯಾದೆ, ಈ ಸಲ ಮನೆತನಕ್ಕೆ ಹೊಸದಾಗಿ ಬಂದವನಿಗೆ. ಬೊಮ್ಮಣ ತಲೆಬಾಗಿ ತೆಗೆದುಕೊಂಡು ಅಂಗಳಕ್ಕೆ ಚೆಲ್ಲಿದ. ದೊರೆ ಕೈಮುಗಿದ. ಕೆನ್ನೆ ತುಂಬುತ್ತಿದ್ದ ಸೋಯಿ ತನ್ನ ಲೋಟ ಹಿಡಿದು ಓಡಿಬಂದ.

"ಭಾವ, ಎರಡನೆಯದು ನನಗೆ."