ಮಡಕೆಯ ಬಳಿಗೆ ಕರೆದೊಯ್ದ ಕೈ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ. "ಗುರುಗಳೇ, ನನ್ನ ಮಗನಿಗೆ ಆಟಿಸಂ ಇದೆ ಎಂದು ವೈದ್ಯರು ಹೇಳಿದ್ದಾರೆ. 'ಅಪ್ಪಾ' ಎಂದರೆ ಮಾತ್ರ ಚೆಂಡು ಕೊಡುತ್ತೇನೆ ಎಂದು ದಿನವೂ ಹಿಡಿದು ಕೂರುತ್ತೇನೆ, ಅವನು ಬಾಯಿ ಬಿಡುವುದಿಲ್ಲ. ಅಂಥ ಮಕ್ಕಳಿಗೆ ಕಲಿಸುವ ಶಿಕ್ಷಕಿಯೊಬ್ಬರು ನಮ್ಮೂರಿನಲ್ಲಿದ್ದಾರೆ. ಆದರೆ ಅವರ ಮಗಳಿಗೂ ಅದೇ ಇದೆ, ಅವಳಿಗೂ ಮಾತು ಬಂದಿಲ್ಲ. ಸ್ವಂತ ಮಗಳ ಬಾಯಿಂದ ಒಂದು ಮಾತು ಹೊರಡಿಸಲಾಗದವರ ಕೈಗೆ ನನ್ನ ಮಗನನ್ನು ಹೇಗೆ ಒಪ್ಪಿಸಲಿ?"

ಗುರುಗಳು ನಕ್ಕರು. "ಕ್ಷೌರದಂಗಡಿಗೆ ಹೋದರೂ ಮೊದಲು ಕ್ಷೌರಿಕನ ತಲೆಗೂದಲು ನೋಡುವವನು ನೀನು. ಇರಲಿ, ಕೂತುಕೋ," ಎಂದು ಈ ಕತೆ ಹೇಳಿದರು.

ಬೇರೊಂದು ಊರಿನಲ್ಲಿ ಒಬ್ಬ ಶಿಕ್ಷಕಿಯಿದ್ದಳು. ಮಾತು ಬಾರದ ಮಕ್ಕಳಿಗೆ ತಮ್ಮ ಬೇಕು ಬೇಡಗಳನ್ನು ತಿಳಿಸಲು ಕಲಿಸುವುದು ಅವಳ ಕೆಲಸ. ಅವಳ ಶಾಲೆಯ ಗೋಡೆಯ ಮೇಲೆ ಚಿತ್ರಗಳಿದ್ದವು. ಬಾಯಾರಿದ ಮಗು ನೀರಿನ ಚಿತ್ರ ಮುಟ್ಟಬೇಕು. ಮುಟ್ಟಿದ ಕೂಡಲೇ ಲೋಟ ಕೈಗೆ ಬರುತ್ತದೆ. ಮುಟ್ಟುವವರೆಗೆ ದೊಡ್ಡವರು ಕಾಯಬೇಕು. ಹೀಗೆ ಕಾದು ಕಾದು ಅವಳು ಎಷ್ಟೋ ಮಕ್ಕಳಿಗೆ ದಾರಿ ತೋರಿಸಿದ್ದಳು. ಮಗುವಿನ ಅಳುವಿಗೆ ಕಾರಣ ತಿಳಿಯದೆ ಕಂಗೆಟ್ಟಿದ್ದ ತಾಯಂದಿರು ಆ ಗೋಡೆಯ ಮುಂದೆ ನಿಂತು ಸಂತೋಷಕ್ಕೆ ಅತ್ತಿದ್ದರು. ಅವಳದು ಸುಳ್ಳು ವಿದ್ಯೆಯಲ್ಲ.

ಅವಳಿಗೊಬ್ಬಳು ಮಗಳು ಹುಟ್ಟಿದಳು. ಆ ಮಗಳಿಗೂ ಮಾತು ಬರಲಿಲ್ಲ. ಬಾಯಾರಿದಾಗ ಹುಡುಗಿ ತಾಯಿಯ ಮುಂಗೈ ಹಿಡಿದು ಎಳೆದುಕೊಂಡು ಹೋಗಿ, ಆ ಕೈಯನ್ನು ನೀರಿನ ಮಡಕೆಯ ಮುಚ್ಚಳದ ಮೇಲೆ ಇಡುತ್ತಿದ್ದಳು. ಮುಖ ನೋಡುತ್ತಿರಲಿಲ್ಲ, ಕೈ ಮಾತ್ರ ಬಿಡುತ್ತಿರಲಿಲ್ಲ. ಬೇರೆ ತಾಯಿಯಾಗಿದ್ದರೆ ನೀರು ಕೊಟ್ಟು ಸುಮ್ಮನಾಗುತ್ತಿದ್ದಳು. ಇವಳು ಓದಿದವಳು. ಇದು ಕೇಳುವ ರೀತಿಯಲ್ಲ, ತಿದ್ದಬೇಕಾದ ಅಭ್ಯಾಸ ಎಂದು ಇವಳ ವಿದ್ಯೆ ಹೇಳಿತು. ಊರ ಮಕ್ಕಳಿಗೆಲ್ಲ ಕಲಿಸುವವಳು ಮನೆಯ ಮಗಳಿಗೇಕೆ ಕಲಿಸಲಿಲ್ಲ ಎಂದು ನೆಂಟರು ಬೇರೆ ಚುಚ್ಚುತ್ತಿದ್ದರು. ಅವಳು ಮಡಕೆಯ ಪಕ್ಕದಲ್ಲಿ ನೀರಿನ ಚಿತ್ರ ತೂಗುಹಾಕಿದಳು. ಮಗಳು ಕೈ ಹಿಡಿಯಲು ಬಂದಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಚಿತ್ರ ಮುಟ್ಟು ಕಂದಾ, ಕೊಡ್ತೀನಿ," ಎನ್ನುತ್ತಿದ್ದಳು.

ಹುಡುಗಿ ಚಿತ್ರ ಮುಟ್ಟಲಿಲ್ಲ. ಕೆಲವು ದಿನ ತಾಯಿಯ ಬೆನ್ನ ಹಿಂದೆ ಹೋಗಿ ಕೈ ಹುಡುಕಿದಳು. ಆಮೇಲೆ ಒಂದು ಮಧ್ಯಾಹ್ನ ತಾನೇ ಮುಚ್ಚಳ ತೆಗೆದು, ತಾನೇ ಲೋಟ ಅದ್ದಿ ಕುಡಿದಳು. ಮನೆಯವರೆಲ್ಲ ಹಿಗ್ಗಿದರು. ಶಿಕ್ಷಕಿಯೂ ಹಿಗ್ಗಿದಳು. ಆದರೆ ಅಂದಿನಿಂದ ಮಗಳು ಅವಳ ಕೈ ಹಿಡಿಯಲಿಲ್ಲ. ಹಸಿವಾದರೂ ಬರಲಿಲ್ಲ. ಗುಡುಗಿಗೆ ನಡುಗುವಾಗಲೂ ಮೂಲೆಗೆ ಹೋಗಿ ಕುಳಿತಳೇ ಹೊರತು ತಾಯಿಯ ಬಳಿ ಸುಳಿಯಲಿಲ್ಲ. ತಾನು ತಿದ್ದಿದ್ದು ಏನನ್ನು ಎಂದು ಶಿಕ್ಷಕಿಗೆ ಆಗ ತಿಳಿಯಿತು.

ಅವಳು ದಿನವೂ ಮಡಕೆಯ ಪಕ್ಕದಲ್ಲಿ ಕೂತು, ಕೈಯನ್ನು ಮಡಿಲಲ್ಲಿ ಬಿಚ್ಚಿ ಇಟ್ಟುಕೊಳ್ಳತೊಡಗಿದಳು. ಮಗಳನ್ನು ಕರೆಯಲಿಲ್ಲ. ಬೇರೆಯವರಾಗಿದ್ದರೆ ದುಃಖ ತಡೆಯದೆ ಮಗುವನ್ನು ಎಳೆದು ತಬ್ಬಿಕೊಂಡು ಇನ್ನಷ್ಟು ಹೆದರಿಸುತ್ತಿದ್ದರು. ಕಾಯುವುದು ಇವಳಿಗೆ ಗೊತ್ತಿದ್ದ ಕಸುಬೇ ಅಲ್ಲವೇ? ಕಾದಳು. ಕೊನೆಗೊಂದು ದಿನ ಹುಡುಗಿ ಬಂದು, ಸ್ವಲ್ಪ ಹೊತ್ತು ನಿಂತು, ಆ ಕೈ ಎತ್ತಿ ಮುಚ್ಚಳದ ಮೇಲಿಟ್ಟಳು. ಶಿಕ್ಷಕಿ ನೀರು ಕೊಟ್ಟಳು. ಕೊಡುವಾಗ ಚಿತ್ರವನ್ನು ತಾನೇ ಒಮ್ಮೆ ಮುಟ್ಟಿ ತೋರಿಸಿದಳು, ಅಷ್ಟೇ.

ಮರುದಿನ ಶಾಲೆಯಲ್ಲಿ ತಂದೆತಾಯಂದಿರನ್ನೆಲ್ಲ ಕೂರಿಸಿ ಹೇಳಿದಳು. "ಮಗು ಕೈ ಹಿಡಿದರೆ ಬಿಡಿಸಿಕೊಳ್ಳಬೇಡಿ, ಅದರ ಜೊತೆ ಹೋಗಿ. ಚಿತ್ರ ಆಮೇಲೆ ಕಲಿಸೋಣ. ನನ್ನ ಮಗಳ ಕೈ ಬಿಡಿಸಿಕೊಂಡು ನಾನು ಕೆಟ್ಟೆ." ಇಷ್ಟು ದಿನ ಬೇರೆ ಹೇಳುತ್ತಿದ್ದಿರಲ್ಲ ಎಂದು ಕೆಲವರು ಮುಖ ಸಿಂಡರಿಸಿದರು. ಮಕ್ಕಳನ್ನು ಶಾಲೆ ಬಿಡಿಸಿಕೊಂಡು ಹೋದವರೂ ಇದ್ದರು. ಅವಳು ಮಾತು ಬದಲಿಸಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. "ಆಕೆಯನ್ನು ನೆನೆದಾಗಲೆಲ್ಲ ನನಗೆ ಕೈ ಮುಗಿಯಬೇಕೆನಿಸುತ್ತದೆ," ಎಂದರು. "ಅನ್ನ ಕೊಡುವ ವಿದ್ಯೆ ತನ್ನ ಮನೆಯಲ್ಲೇ ಎಡವಿತು ಎಂದು ನಾಲ್ಕು ಜನರ ಮುಂದೆ ಹೇಳಲು ಎಂಟೆದೆ ಬೇಕು."

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಅದೆಲ್ಲ ಸರಿ ಗುರುಗಳೇ. ಆ ಹುಡುಗಿಗೆ ಕೊನೆಗಾದರೂ ಮಾತು ಬಂತೇ?"

"ಬರಲಿಲ್ಲ," ಎಂದರು ಗುರುಗಳು. "ನಿನ್ನ ಮಗ ನಿನ್ನ ಕೈ ಹಿಡಿದು ಎಷ್ಟು ದಿನವಾಯಿತು?"